ಕಿಟ್ಟೆಲ್ ಪಂಡಿತರ ಜೀವಿತವೂ ವಿದ್ಯಾಶಾಲೆಯ ತೂಕವೂ



ನಮ್ಮ ಮೈಸೂರು ನಗರವು ವಿದ್ಯೆಗೆ ಹೆಸರಾದ ಊರು. ೧೯೧೬ನೇ ಇಸವಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಇಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದಂದಿನಿಂದ ಸುತ್ತಲಿನ ಹಳ್ಳಿಗಳ ತಂದೆತಾಯಿಗಳು ಮಕ್ಕಳ ಓದಿನ ಮಾತು ಬಂದಾಗ ಈ ನಗರದ ಕಡೆಗೆ ಕಣ್ಣೆತ್ತುವರು. ಆದರೆ ಕ್ರೈಸ್ತ ಕುಟುಂಬದವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಏಳುವದುಂಟು. ಸತ್ಯವೇದವನ್ನೇ ಅಸ್ತಿವಾರವಾಗಿಟ್ಟುಕೊಂಡು, ಹಿರಿಯರ ವಿಶ್ವಾಸವನ್ನು ಬಿಡದೆ, ಕಟ್ಟುನಿಟ್ಟಾದ ನಡತೆಯಲ್ಲಿ ಹುಡುಗರನ್ನು ಬೆಳೆಯಿಸುವ ವಿದ್ಯಾಶಾಲೆಗೆ ಲೋಕದ ಪಂಡಿತರ ಮುಂದೆ ಬೆಲೆಯುಂಟೋ? ಅಲ್ಲಿ ಓದಿದವನು ಭಕ್ತನಾಗುವನು, ಸರಿ, ವಿದ್ವಾಂಸನೂ ಆಗುವನೋ? ಈ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವದಕ್ಕಿಂತ ಒಬ್ಬ ಮನುಷ್ಯನ ಜೀವಿತವನ್ನು ತಿಳಿಸುವದು ಉತ್ತಮವೆಂದು ನಮಗೆ ತೋರುತ್ತದೆ. ಆತನ ಹೆಸರನ್ನು ಕನ್ನಡ ಬಲ್ಲವರೆಲ್ಲರೂ ಕೇಳಿರುವರು. ಆತನು ಯಾವ ಶಾಲೆಯಿಂದ ಬಂದನೆಂಬದನ್ನು ಮಾತ್ರ ಬಹು ಜನರು ಅರಿಯರು.

ಫೆರ್ಡಿನಾಂಡ್ ಕಿಟ್ಟೆಲರು ೧೮೩೨ನೇ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ಅವರ ತಂದೆಯವರು ಸಭಾಪಾಲಕರು. ಅದೇ ವರುಷದಲ್ಲಿ ಮದ್ರಾಸಿನಲ್ಲಿ ರೀವ್ ಎಂಬ ಬಳ್ಳಾರಿಯ ಮಿಶನೆರಿಯ ಕನ್ನಡ ನಿಘಂಟು ಅಚ್ಚಾಯಿತು. ಅದನ್ನು ಮೀರಿಸುವ ನಿಘಂಟನ್ನು ಬರೆಯತಕ್ಕ ಕೂಸು ದೂರದ ಚಳಿಸೀಮೆಯಲ್ಲಿ ತೊಟ್ಟಿಲಲ್ಲಿ ಮಲಗಿತ್ತು! ದೇವರು ತನ್ನ ಕೆಲಸಗಳನ್ನು ಮನುಷ್ಯರಿಗೆ ಕಾಣದಂತೆ ಮೊದಲೇ ಸಿದ್ಧಪಡಿಸುವನೆಂದು ಇದರಿಂದ ತಿಳಿಯಬಹುದು.

ಬಾಲ್ಯದಲ್ಲಿ ಶಾಲೆಯ ಓದನ್ನು ಮುಗಿಸಿದ ಬಳಿಕ ಕಿಟ್ಟೆಲರು ೧೮೫೦ರಲ್ಲಿ ಸ್ವಿಸ್ ದೇಶದ ಬಾಸೆಲ್ ನಗರಕ್ಕೆ ಹೋಗಿ ಅಲ್ಲಿಯ ಮಿಶನ್ ವಿದ್ಯಾಶಾಲೆಯನ್ನು ಸೇರಿದರು. ಈ ಶಾಲೆಯ ಗುಣವನ್ನು ನಾವು ಸ್ವಲ್ಪ ವಿವರವಾಗಿ ಹೇಳಬೇಕು. ಬಾಸೆಲ್ ಮಿಶನ್ ೧೮೧೫ರಲ್ಲಿ ಹುಟ್ಟಿತು. ಮರುವರುಷವೇ ಮಿಶನೆರಿಗಳನ್ನು ಸಿದ್ಧಪಡಿಸುವ ಶಾಲೆಯು ತೆರೆಯಲ್ಪಟ್ಟಿತು. ಅದು ವಿಶ್ವವಿದ್ಯಾನಿಲಯವಲ್ಲ. ಅಲ್ಲಿ ಓದಿದವರಲ್ಲಿ ಹೆಚ್ಚಿನವರು ಒಕ್ಕಲಿಗರ ಮಕ್ಕಳು, ಕೈಕಸಬಿನವರ ಮಕ್ಕಳು. ಪ್ರಾರ್ಥನೆ, ಪಾಠ, ಕೈಕೆಲಸ ಎಲ್ಲವೂ ಕ್ರಮದ ಪ್ರಕಾರ ನಡೆಯುತ್ತಿದ್ದವು. ೧೮೫೦ರಿಂದ ಯೋಸೆನ್‌ಹಾನ್ಸ್ ಎಂಬವರು ಅದರ ಮುಖ್ಯಸ್ಥರಾಗಿದ್ದರು. ಅವರ ಕಾಲದಲ್ಲಿ ವಿಧೇಯತೆಯೇ ಮೊದಲ ಪಾಠವಾಗಿತ್ತು. ಮದುವೆಯಾಗುವದಕ್ಕೂ ಮಿಶನೆರಿಯು ಬಾಸೆಲಿನ ಹಿರಿಯರ ಅಪ್ಪಣೆಯನ್ನು ಪಡೆಯಬೇಕಾಗಿತ್ತು.

ಬಾಸೆಲಿಗೆ ಬಹು ದೂರವಲ್ಲದ ಟ್ಯೂಬಿಂಗೆನ್ ಪಟ್ಟಣದಲ್ಲಿ ಹಳೆಯದಾದ, ಹೆಸರುವಾಸಿಯಾದ ವಿಶ್ವವಿದ್ಯಾನಿಲಯವಿತ್ತು. ಅಲ್ಲಿಯ ವಿದ್ವಾಂಸರು ಸತ್ಯವೇದವನ್ನು ಇತರ ಪುರಾತನ ಗ್ರಂಥಗಳಂತೆಯೇ ಶೋಧಿಸತೊಡಗಿದ್ದರು. ೧೮೩೫ರಲ್ಲಿ ಸ್ಟ್ರೌಸ್ ಎಂಬ ಅಲ್ಲಿಯ ಯುವ ಪಂಡಿತನು ಸುವಾರ್ತೆಗಳ ವಿಷಯವಾಗಿ ಬರೆದ ಪುಸ್ತಕವು ಭಕ್ತಜನರನ್ನು ಬಹಳವಾಗಿ ಕಳವಳಪಡಿಸಿತು. ಹೀಗಿರಲಾಗಿ ಬಾಸೆಲಿನ ಭಕ್ತರ ಕಣ್ಣಿಗೆ ಟ್ಯೂಬಿಂಗೆನ್ ವಿದ್ಯೆಯುಳ್ಳದ್ದಾದರೂ ಅಪಾಯದ ಸ್ಥಳ. ಲೋಕದ ಪಂಡಿತರ ಕಣ್ಣಿಗೆ ಬಾಸೆಲ್ ಭಕ್ತಿಯುಳ್ಳದ್ದಾದರೂ ಸಣ್ಣ ಶಾಲೆ. ಒಬ್ಬರನ್ನೊಬ್ಬರು ಸಂದೇಹದಿಂದ ನೋಡುವ ಈ ರೋಗವು ನಮ್ಮ ಕಾಲದಲ್ಲಿಯೂ ನಮ್ಮ ಸೀಮೆಯಲ್ಲಿಯೂ ಇಲ್ಲದಿಲ್ಲ.

೧೮೫೩ರಲ್ಲಿ ಕಿಟ್ಟೆಲರು ಹಿಂದೂದೇಶಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಅವರ ಸೇವೆ ನಡೆಯಿತು. ಈ ಜನರ ಮಾತನ್ನು ಇವರಂತೆಯೇ ಅರಿಯದೆ ಇವರಿಗೆ ಕರ್ತನ ಮಾತನ್ನು ಹೇಳುವದು ಹೇಗೆಂಬದು ಅವರ ಹೃದಯದ ಭಾರ. ಆದಕಾರಣ ಅವರು ಹಳೆಯ ಓಲೆಗರಿಗಳನ್ನು ಹುಡುಕಿದರು. ಪಂಡಿತರ ಬಳಿಯಲ್ಲಿ ಕುಳಿತು ಪಾಠ ಹೇಳಿಸಿಕೊಂಡರು. ಹಳ್ಳಿಯವರ ಬಾಯಲ್ಲಿ ಆಡುವ ಗಾದೆಗಳನ್ನು ಬರೆದುಕೊಂಡರು. ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಪಡಿಸಿದರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಈ ಎರಡೂ ಜೈನ ಪರಂಪರೆಯ ಗ್ರಂಥಗಳು. ಸುವಾರ್ತೆ ಸಾರುವದಕ್ಕೆ ಬಂದವರು ಜೈನರ ವ್ಯಾಕರಣವನ್ನು ಏಕೆ ಅಚ್ಚು ಹಾಕಿಸಬೇಕೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ.

ಬಾಸೆಲಿನ ಹಿರಿಯರೂ ಅಂಥ ಸಂದೇಹವನ್ನೇ ಪಟ್ಟರು. ಕಿಟ್ಟೆಲರ ವಿದ್ಯಾಸಕ್ತಿಯು ಅವರಿಗೆ ಸಂಪೂರ್ಣವಾಗಿ ಮೆಚ್ಚುಗೆಯಾಗಲಿಲ್ಲ. ಸಭೆಗೆ ಸೇರಿದವರ ಲೆಕ್ಕದಿಂದ ನೋಡಿದರೆ ಅವರ ಫಲ ಹೆಚ್ಚಲ್ಲ. ಆದುದರಿಂದ ಈ ಮನುಷ್ಯನು ತನ್ನ ಮಿಶನಿನಲ್ಲಿಯೇ ಬಹುಕಾಲ ಒಂಟಿಯಾಗಿ ನಡೆದನು. ಇದನ್ನು ನಾವು ಮುಚ್ಚಿಡತಕ್ಕದ್ದಲ್ಲ. ಶಾಲೆಯ ಹೊಗಳಿಕೆಯನ್ನು ಮಾತ್ರ ತಕ್ಕಡಿಗೆ ಹಾಕಿ ಅದರ ಕುಂದನ್ನು ಕೆಳಗೆ ಇಟ್ಟರೆ ಅದು ಕಳ್ಳತೂಕವಾಗುವದು.

ಹೀಗಿದ್ದರೂ ಅದೇ ಮಿಶನ್ ಅವರಿಗೆ ನಿಘಂಟಿನ ಕೆಲಸವನ್ನು ಒಪ್ಪಿಸಿತು. ಸುಮಾರು ಇಪ್ಪತ್ತು ವರುಷ ಅದೇ ಅವರ ಹೊಲ, ಅದೇ ಅವರ ನೇಗಿಲು. ೧೮೭೭ರಲ್ಲಿ ಸ್ವದೇಶಕ್ಕೆ ಹೋದವರು ಈ ಕೆಲಸಕ್ಕಾಗಿಯೇ ೧೮೮೩ರಲ್ಲಿ ಪುನಃ ಬಂದರು. ಕಡೆಗೆ ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ೧,೭೫೨ ಪುಟಗಳೂ ಸುಮಾರು ೭೦,೦೦೦ ಶಬ್ದಗಳೂ ಇವೆ. ಒಂದು ಶಬ್ದವನ್ನು ಹೇಳಿದರೆ ಅದು ಯಾವ ಹಳೆಯ ಗ್ರಂಥದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಬಂದಿದೆ, ತಮಿಳು ತೆಲುಗು ಮಲಯಾಳ ತುಳು ಭಾಷೆಗಳಲ್ಲಿ ಅದರ ನಂಟು ಯಾವದು ಎಂಬದನ್ನು ಅದು ತೋರಿಸುವದು. ಮೈಸೂರು ಸೀಮೆಯವರು ಆಡುವ ಮಾತಿಗೆ ಮೈಸೂರಿನ ಹೆಸರಿನ ಮೊದಲಕ್ಷರಗಳ ಗುರುತನ್ನು ಇಟ್ಟಿರುವರು. ನಮ್ಮ ಅಜ್ಜ ಅಜ್ಜಿಯರು ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಆಡಿದ ಮಾತುಗಳು ಪಂಪ ರನ್ನರ ಮಾತುಗಳ ಸಾಲಿನಲ್ಲಿ ಮರ್ಯಾದೆಯಿಂದ ಕುಳಿತಿವೆ.

ಈ ನಿಘಂಟನ್ನು ತೂಗಿದವರು ಯಾರು? ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವೇ ಕಿಟ್ಟೆಲರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು! ಬಾಸೆಲಿನ ಭಕ್ತರು ಯಾವ ಸ್ಥಳವನ್ನು ಹೆದರಿಕೆಯಿಂದ ನೋಡಿದರೋ ಆ ಸ್ಥಳವೇ ಬಾಸೆಲಿನ ವಿದ್ಯಾರ್ಥಿಯ ಕೆಲಸವನ್ನು ಪರೀಕ್ಷಿಸಿ ಒಪ್ಪಿಕೊಂಡಿತು. ಇದಕ್ಕೆ ಮೊದಲು ೧೮೫೮ರಲ್ಲಿ ಅದೇ ವಿಶ್ವವಿದ್ಯಾನಿಲಯವು ಹರ್ಮನ್ ಮೋಗ್ಲಿಂಗರಿಗೆ ಇದೇ ಪದವಿಯನ್ನು ಕೊಟ್ಟಿತ್ತು. ಮೋಗ್ಲಿಂಗರು ೧೮೩೬ರಲ್ಲಿ ಮಂಗಳೂರಿಗೆ ಬಂದು, ೧೮೪೩ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿ, ಬಳಿಕ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವುಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರು. ಆ ಮುದ್ರಣಕ್ಕೆ ಹಣ ಕೊಟ್ಟವರು ಒಂದು ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಕ್ಯಾಸಮೇಜರ್ ದೊರೆಗಳು. ಆದರೆ ಮೋಗ್ಲಿಂಗರು ಟ್ಯೂಬಿಂಗೆನ್ನಿನಲ್ಲಿಯೇ ಓದಿದವರು. ತಾಯಿಯು ತನ್ನ ಮಗನನ್ನು ಮೆಚ್ಚಿದರೆ ವಿಶೇಷವಲ್ಲ. ಕಿಟ್ಟೆಲರು ಬೇರೆ ಮನೆಯ ಮಗನು. ಬೇರೆ ಮನೆಯವರ ಮೆಚ್ಚಿಕೆಯೇ ನಿಜವಾದ ಸಾಕ್ಷಿ.

ಇದರಲ್ಲಿ ಬಾಸೆಲ್ ಶಾಲೆಗೆ ಸಲ್ಲತಕ್ಕದ್ದೆಷ್ಟು? ನಮಗೆ ತೋರುವ ಪ್ರಕಾರ ಬಹಳವಿದೆ, ಪೂರ್ತಿಯಾಗಿಯಲ್ಲ. ಸತ್ಯವೇದವನ್ನು ಮೂಲಭಾಷೆಯಲ್ಲಿ ಓದುವವನು ಒಂದು ಶಬ್ದವು ಎಲ್ಲೆಲ್ಲಿ ಬಂದಿದೆ, ಅಲ್ಲಲ್ಲಿ ಅದರ ಅರ್ಥವೇನು ಎಂದು ಕೇಳದೆ ಮುಂದೆ ಹೋಗಕೂಡದು. ಈ ಅಭ್ಯಾಸವೇ ಕನ್ನಡ ಶಬ್ದಗಳ ಮೇಲೆಯೂ ಬಿತ್ತು. ಯಾರೂ ಹೊಗಳದಿದ್ದರೂ ದಿನದ ಕೆಲಸವನ್ನು ದಿನವೂ ಮಾಡುವ ತಾಳ್ಮೆಯೂ ಆ ಶಾಲೆಯ ವರವೇ. ಆದರೆ ಕನ್ನಡವನ್ನು ಅವರು ಕಲಿತದ್ದು ಈ ನಾಡಿನ ಪಂಡಿತರಿಂದಲೂ ಸಾಮಾನ್ಯ ಜನರಿಂದಲೂ. ಬಾಸೆಲಿನಲ್ಲಿ ಕಲಿತದ್ದೇ ಸಾಕೆಂದು ಅವರು ನಿಂತಿದ್ದರೆ ಈ ದಿನ ಅವರ ಹೆಸರನ್ನು ನಾವು ಬರೆಯುತ್ತಿರಲಿಲ್ಲ.

ಕಿಟ್ಟೆಲರು ೧೯೦೩ನೇ ಇಸವಿ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿಯೇ ಕರ್ತನಲ್ಲಿ ನಿದ್ರೆಹೋದರು. ಅದೇ ವರುಷ ಅವರ ಕನ್ನಡ ವ್ಯಾಕರಣವೂ ಅಚ್ಚಾಯಿತು. ಅವರು ಸತ್ತ ಮೇಲೆಯೂ ತೂಕವು ನಿಲ್ಲಲಿಲ್ಲ. ಸಂಸ್ಕೃತದಲ್ಲಿ ದ್ರಾವಿಡ ಶಬ್ದಗಳು ಸೇರಿವೆಯೆಂದು ಅವರು ಕೊಟ್ಟ ಪಟ್ಟಿಯಲ್ಲಿ ಕೆಲವನ್ನು ಮುಂದಿನ ಪಂಡಿತರು ಒಪ್ಪಿದರು, ಕೆಲವನ್ನು ಬಿಟ್ಟರು. ೧೯೬೮ರಿಂದ ೧೯೭೧ರ ವರೆಗೆ ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಲಾಗಿ ಮದ್ರಾಸ್ ವಿಶ್ವವಿದ್ಯಾನಿಲಯವು ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಬಂತು. ಆದರೂ ಕಿಟ್ಟೆಲರ ಪುಸ್ತಕವನ್ನು ಯಾರೂ ಕಪಾಟಿನಿಂದ ಹೊರಗೆ ಹಾಕಲಿಲ್ಲ. ಅದನ್ನು ತೆರೆಯುವವರು ಬರೆದವನ ಮತವನ್ನು ಕೇಳುವದಿಲ್ಲ. ಶಬ್ದದ ಅರ್ಥವು ಸರಿಯೋ ಎಂದು ಮಾತ್ರ ನೋಡುವರು, ಸರಿಯಾಗಿಯೇ ಇರುವದನ್ನು ಕಂಡು ಮುಂದೆ ಹೋಗುವರು.

ಪ್ರಿಯ ತಂದೆತಾಯಿಗಳೇ, ನಿಮ್ಮ ಮಕ್ಕಳನ್ನು ಕಳುಹಿಸುವಾಗ ಈ ಜೀವಿತವನ್ನು ನೆನಪಿಗೆ ತಂದುಕೊಳ್ಳಿರಿ. ಶಾಲೆಯು ನಮ್ಮ ಮಿಶನಿನದೆಂಬ ಮಾತ್ರಕ್ಕೆ ಒಪ್ಪಬೇಡಿರಿ, ಅಲ್ಲಿ ಪ್ರಾರ್ಥನೆಯಾಗುತ್ತದೆಂಬ ಮಾತ್ರಕ್ಕೆ ಹಳಿಯಲೂ ಬೇಡಿರಿ. ಅದು ಕೊಡುವ ಪದವಿಯನ್ನು ಹೊರಗಿನವರು ಅಂಗೀಕರಿಸುವರೋ ಎಂದು ವಿಚಾರಿಸಿರಿ, ಇದು ಅಪನಂಬಿಕೆಯಲ್ಲ. ಸೆರಾಂಪುರದ ನಮ್ಮ ಹಿರಿಯ ಮಿಶನೆರಿಗಳೇ ತಮ್ಮ ಕಾಲೇಜಿಗಾಗಿ ೧೮೨೭ರಲ್ಲಿ ಡೆನ್ಮಾರ್ಕಿನ ಅರಸನಿಂದ ಪದವಿ ಕೊಡುವ ಸನ್ನದನ್ನು ಪಡೆದರಲ್ಲಾ. ಅಲ್ಲಿ ಕಲಿಸುವವರು ತಮಗಿಂತ ಬೇರೆ ಅಭಿಪ್ರಾಯದವರ ಪುಸ್ತಕಗಳನ್ನು ಓದುವರೋ ಎಂದು ಕೇಳಿರಿ. ಅಲ್ಲಿ ಓದಿ ಹೊರಟವರ ಕೆಲಸವನ್ನು ನಮ್ಮ ವಿಶ್ವಾಸವಿಲ್ಲದ ನೆರೆಯವರು ನಂಬಿ ಉಪಯೋಗಿಸುವರೋ ಎಂದು ನೋಡಿರಿ. ಮರದ ಗುಣವನ್ನು ಹಣ್ಣಿನಿಂದ ತಿಳಿಯಬೇಕೆಂದು ಕರ್ತನು ಕಲಿಸಿದ್ದಾನೆ. ಆ ಹಣ್ಣನ್ನು ತೋಟದವರು ಮಾತ್ರವೇ ರುಚಿ ನೋಡಿದರೆ ಸಾಲದು.

ಸರಿಯಾದ ತೂಕವನ್ನು ಮೆಚ್ಚುವ ದೇವರು ನಮ್ಮ ಶಾಲೆಗಳಲ್ಲಿ ಭಕ್ತಿಯನ್ನೂ ನಿಜವಾದ ವಿದ್ಯೆಯನ್ನೂ ಹೆಚ್ಚಿಸಲಿ. ಕಿಟ್ಟೆಲರಂಥವರು ಈ ಸಾರಿ ನಮ್ಮ ಹಳ್ಳಿಯ ಸಭೆಗಳಿಂದಲೇ ಏಳಲಿ, ಅವರು ಎದ್ದಾಗ ನಾವು ಅವರನ್ನು ಒಂಟಿಯಾಗಿ ನಡೆಯಗೊಡದಿರಲಿ.