ಖಡ್ಕಿಗೆ ನೀರು ತಂದ ಮಲಿಕ್ ಅಂಬರ್

ಎಲ್ಲೋರದ ಕೈಲಾಸ ದೇವಾಲಯವನ್ನು ಕಾಣಲು ಹೊರಡುವ ಮುಂಬಯಿ, ಪುಣೆಗಳ ಕನ್ನಡಿಗರು ದೌಲತಾಬಾದಿನ ಕೋಟೆಯನ್ನೂ ಹತ್ತಿ ಬರುವುದು ವಾಡಿಕೆ. ರಾಷ್ಟ್ರಕೂಟರ ಹಾಗೂ ಸೇವುಣರ ಸ್ಮರಣೆ ನಮ್ಮನ್ನು ಅತ್ತ ಸೆಳೆಯುತ್ತದೆ. ಆದರೆ ಅದೇ ಕೋಟೆಯನ್ನು ರಾಜಧಾನಿಯಾಗಿಸಿಕೊಂಡು, ಸಮೀಪದಲ್ಲೇ ಹೊಸ ನಗರವೊಂದನ್ನು ಕಟ್ಟಿ, ಅದಕ್ಕೆ ನೆಲದೊಳಗಿನಿಂದ ನೀರು ಹರಿಸಿದ ಮಲಿಕ್ ಅಂಬರನ ಹೆಸರು ನಮ್ಮವರ ಮಾತಿನಲ್ಲಿ ಬರುವುದು ಅಪರೂಪ.

ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಜನಿಸಿದ ಈತನ ಬಾಲ್ಯದ ಹೆಸರು ಚಾಪು. ಎಳವೆಯಲ್ಲೇ ಗುಲಾಮನಾಗಿ ಮಾರಾಟಗೊಂಡು, ಅರಬರ ನಾಡನ್ನೂ ಬಾಗ್ದಾದನ್ನೂ ದಾಟಿ ದಖ್ಖನಿಗೆ ಬಂದನು. ಇಲ್ಲಿ ಈತನನ್ನು ಕೊಂಡವನು ಅಹಮದ್‌ನಗರದ ನಿಜಾಮಶಾಹಿಯ ಪೇಶ್ವೆ ಚಂಗೇಜ್ ಖಾನ್, ಆತನೂ ಹಬಶಿಯೇ. ಒಡೆಯನ ಮರಣಾನಂತರ ಬಿಡುಗಡೆ ಹೊಂದಿದ ಅಂಬರ್ ಕೆಲಕಾಲ ನಮ್ಮ ಬಿಜಾಪುರದ ಆದಿಲಶಾಹಿ ಸೇವೆಯಲ್ಲಿದ್ದನು. ಮಲಿಕ್ ಎಂಬ ಬಿರುದು ದೊರೆತದ್ದು ಅಲ್ಲಿಯೇ. ತೊರವಿಯಿಂದ ಬಿಜಾಪುರಕ್ಕೆ ಬರುತ್ತಿದ್ದ ಸುರಂಗ ಕಾಲುವೆಯನ್ನು ಆಗ ಆತ ಕಂಡಿದ್ದಿರಬಹುದೆಂಬುದು ನಮ್ಮ ಊಹೆ, ಅಷ್ಟೆ.

1600ರಲ್ಲಿ ಅಹಮದ್‌ನಗರ ಮೊಗಲರ ವಶವಾಯಿತು. ಅಂಬರ್ ಎದೆಗುಂದಲಿಲ್ಲ. ರಾಜವಂಶದ ಕುಡಿಯೊಬ್ಬನನ್ನು ಎರಡನೆಯ ಮುರ್ತಜಾ ನಿಜಾಮಶಾಹನೆಂಬ ಹೆಸರಿನಲ್ಲಿ ಪಟ್ಟಕ್ಕೆ ಕೂರಿಸಿ, ಪರಾಂಡಾ, ಜುನ್ನರ್‌ಗಳ ಬಳಿಕ 1610ರಲ್ಲಿ ದೌಲತಾಬಾದಿಗೆ ರಾಜಧಾನಿಯನ್ನು ತಂದನು. ಗುಡ್ಡಗಳ ಮರೆಯಿಂದ ಹೊಂಚಿ ಹೊಡೆದು ಮಾಯವಾಗುವ ಈತನ ಯುದ್ಧಕ್ರಮಕ್ಕೆ ಮೊಗಲ್ ಸೇನಾಪತಿಗಳು ಹೈರಾಣಾದರು. ಜಹಾಂಗೀರನಂತೂ ಅಂಬರನ ಶಿರಕ್ಕೆ ತಾನು ಬಾಣ ಹೂಡಿದಂತೆ ಚಿತ್ರ ಬರೆಸಿಕೊಂಡು ತೃಪ್ತನಾಗಬೇಕಾಯಿತು!

ದೌಲತಾಬಾದ್ ದುರ್ಭೇದ್ಯವೇನೋ ಹೌದು. ದೊಡ್ಡ ಜನಸಮುದಾಯಕ್ಕೆ ಸಾಲುವಷ್ಟು ನೀರು ಮಾತ್ರ ಅಲ್ಲಿರಲಿಲ್ಲ. 1327ರಲ್ಲಿ ದೆಹಲಿಯ ಜನರನ್ನು ಅಲ್ಲಿಗೆ ಕರೆತಂದ ಮಹಮ್ಮದ್ ತುಘಲಕನ ಸಾಹಸ ವಿಫಲವಾದುದನ್ನು ನಾವೆಲ್ಲರೂ ಶಾಲೆಯಲ್ಲೇ ಓದಿದ್ದೇವೆ. ಅಂಬರ್ ಪೂರ್ವದಿಕ್ಕಿನ ಖಡ್ಕಿ ಎಂಬ ಹಳ್ಳಿಯಲ್ಲಿ ನಗರ ಕಟ್ಟಿಸಿದನು. 1616ರಲ್ಲಿ ಮೊಗಲರು ಅದನ್ನು ಸೂರೆಗೈದರು. ಮತ್ತೆ ಕಟ್ಟಲು ತೊಡಗಿದಾಗ, ನೀರಿನ ವ್ಯವಸ್ಥೆಯೇ ಆತನ ಮುಖ್ಯ ಕಾರ್ಯವಾಯಿತು.

ನೆಹರ್-ಎ-ಅಂಬರಿ ಎಂದು ಖ್ಯಾತವಾದ ಈ ಕಾಲುವೆಯ ತತ್ತ್ವ ಸರಳ. ನಗರದ ಉತ್ತರಕ್ಕೆ, ಹರ್ಸೂಲ್ ಕಡೆಯ ಎತ್ತರದ ನೆಲದಲ್ಲಿ ಸುರಂಗ ತೋಡಿ, ಭೂಮಿಯೊಳಗೆ ಜಿನುಗುವ ನೀರನ್ನು ಅದರಲ್ಲಿ ಕೂಡಿಸಿಕೊಳ್ಳಲಾಯಿತು. ಇಳಿಜಾರೇ ಅದನ್ನು ನಗರಕ್ಕೆ ಒಯ್ಯುತ್ತಿತ್ತು. ಎತ್ತುವ ಯಂತ್ರ ಬೇಕಿರಲಿಲ್ಲ. ಅಲ್ಲಲ್ಲಿ ಗಾಳಿ ಆಡಲು, ಇಳಿದು ಹೂಳು ತೆಗೆಯಲು ಬಾಯಿಗಳಿದ್ದವು. ನಗರದೊಳಗೆ ಬಂಬಾ ಎಂಬ ಕಂಬಗಳು ನೀರಿನ ಒತ್ತಡವನ್ನು ತಗ್ಗಿಸುತ್ತಿದ್ದವು. ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ನೀರು ಸಾರ್ವಜನಿಕ ತೊಟ್ಟಿಗಳನ್ನು ಸೇರುತ್ತಿತ್ತು. ಬೀದರಿನ ಕರೇಜ್ ನೋಡಿರುವ ವಾಚಕರಿಗೆ ಇದು ಹೊಸತೆನಿಸಲಾರದು. ಮುಚ್ಚಿದ ಕಾಲುವೆಯಾದುದರಿಂದ ಬಿಸಿಲಿಗೆ ಆರುವ ಭಯವಿಲ್ಲ, ಮುತ್ತಿಗೆ ಹಾಕಿದ ಶತ್ರುವಿನ ಕಣ್ಣಿಗೂ ಸುಲಭವಾಗಿ ಬೀಳದು.

1621ರಲ್ಲಿ ಖಡ್ಕಿ ಮತ್ತೊಮ್ಮೆ ಮೊಗಲರ ಬೆಂಕಿಗೆ ತುತ್ತಾಯಿತು. ನೆಲದಡಿಯ ನೆಹರ್ ಉಳಿಯಿತು. 1624ರ ಭಾತವಡಿ ಕದನದಲ್ಲಿ ಮೊಗಲ್ ಮತ್ತು ಆದಿಲಶಾಹಿ ಸೇನೆಗಳನ್ನು ಸೋಲಿಸಿದ ಅಂಬರ್ 1626ರಲ್ಲಿ ತೀರಿಕೊಂಡನು. ಖುಲ್ದಾಬಾದಿನಲ್ಲಿ ಆತನ ಸಮಾಧಿಯಿದೆ. ಏಳೇ ವರ್ಷಗಳಲ್ಲಿ, ಮಗ ಫತೇಖಾನನ ಕಾಲದಲ್ಲಿ, ದೌಲತಾಬಾದ್ ಮೊಗಲರ ಕೈಸೇರಿತು. ಖಡ್ಕಿ ಔರಂಗಾಬಾದ್ ಆಯಿತು, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು.

ಹೆಸರುಗಳು ಬದಲಾದರೂ ನೀರಿನ ಚಿಂತೆ ಮಾತ್ರ ಬದಲಾಗಿಲ್ಲ. ನಗರವೀಗ ಪೈಠಣದ ಜಾಯಕವಾಡಿ ಜಲಾಶಯವನ್ನು ನೆಚ್ಚಿದೆ. ಮೇಲಿನ ನಾಶಿಕ್, ಅಹಮದ್‌ನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಅದಕ್ಕೆಷ್ಟು ನೀರು ಬಿಡಬೇಕೆಂಬ ವ್ಯಾಜ್ಯದ ಕುರಿತು ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರವು 2014ರಲ್ಲಿ ಆದೇಶ ನೀಡಿತು. 2023ರ ಬರದಲ್ಲಿ ಅದೇ ವ್ಯಾಜ್ಯ ಮರಳಿ ತಲೆಯೆತ್ತಿತು. 2022ರ ಬೇಸಿಗೆಯಲ್ಲಿ ಹಲವು ಬಡಾವಣೆಗಳ ಜನ ನಲ್ಲಿಯ ನೀರಿಗೆ ದಿನಗಟ್ಟಲೆ ಕಾದರು. ಅಂಬರನ ಸುರಂಗದ ಮೇಲೆ ಮನೆಗಳೆದ್ದು ಎಷ್ಟೋ ಬಾಯಿಗಳು ಮುಚ್ಚಿಹೋಗಿವೆ, ಕೆಲವೆಡೆ ಚರಂಡಿಯ ಕೊಳಚೆ ಒಳಗಿಳಿದಿದೆ. ಹಾಗಿದ್ದೂ ಹಳೆಯ ನಗರದ ಕೆಲವು ತೊಟ್ಟಿಗಳಿಗೆ ಆ ನೀರು ನಮ್ಮ ಕಾಲದವರೆಗೂ ಬಂದಿದೆ.