ಕ್ಯಾಪ್ಟನ್ ಕುಕ್ ಮತ್ತು ಪನೈತಾನ್ ದ್ವೀಪದ ನೀರು

ಬಾಲಿಗೆ ಹೋಗಿ ಬಂದವರ ಯಾವ ವ್ಲಾಗ್ ನೋಡಿದ್ರೂ ಒಂದು ಮಾತು ಇದ್ದೇ ಇರುತ್ತೆ: ಅಲ್ಲಿ ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜೋಕೂ ಬಾಟಲಿ ನೀರೇ ಬಳಸಿ. ಮಾತು ಕೇಳದವರ ಹೊಟ್ಟೆ ಕೆಟ್ಟರೆ ಅದಕ್ಕೆ ಬಾಲಿ ಬೆಲ್ಲಿ ಅಂತ ಹೆಸರೇ ಇದೆ. ಬಾಲಿಯ ಪಕ್ಕದಲ್ಲೇ ಜಾವಾ ದ್ವೀಪ. 1770ರಲ್ಲಿ ಅಲ್ಲಿಗೆ ಬಂದ ಒಂದು ಇಂಗ್ಲಿಷ್ ಹಡಗಿಗೆ ಈ ಮಾತು ಹೇಳೋಕೆ ಯಾರೂ ಇರಲಿಲ್ಲ. ಹಡಗಿನ ಹೆಸರು ಎಂಡೆವರ್, ಅದನ್ನು ನಡೆಸುತ್ತಿದ್ದವನು ಜೇಮ್ಸ್ ಕುಕ್. ಶಾಲೆಯ ಪುಸ್ತಕದಲ್ಲಿ ನಾವು ಕುಕ್‌ನನ್ನು ಮ್ಯಾಪ್ ಮೇಲಿನ ಚುಕ್ಕೆ ಗೆರೆಯಾಗಿ ಮಾತ್ರ ನೋಡಿರ್ತೀವಿ. ಆದರೆ ಅವನ ಜೀವನವನ್ನು ಇನ್ನೊಂದು ಪ್ರಶ್ನೆಯ ಹಿಂದೆ ಹೋಗಿಯೂ ಓದಬಹುದು. ಸಮುದ್ರದ ಮಧ್ಯೆ ನೂರು ಜನರನ್ನು ಕಟ್ಟಿಕೊಂಡು ಹೋದವನು, ಅವರಿಗೆ ಕುಡಿಯೋಕೆ ಏನು ಕೊಡಬೇಕು?

ಕುಕ್ ಹುಟ್ಟಿದ್ದು 1728ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಮಾರ್ಟನ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು. ಅವರ ಯಜಮಾನ ದುಡ್ಡು ಕೊಟ್ಟಿದ್ದರಿಂದ ಹುಡುಗ ಸ್ವಲ್ಪ ಶಾಲೆ ಕಂಡ. ಹದಿನಾರು ಹದಿನೇಳನೇ ವಯಸ್ಸಿಗೆ ಸ್ಟೇತ್ಸ್ ಅನ್ನೋ ಮೀನುಗಾರರ ಊರಲ್ಲಿ ಅಂಗಡಿ ಕೆಲಸಕ್ಕೆ ಸೇರಿದ. ಅಂಗಡಿ ಅವನಿಗೆ ಒಗ್ಗಲಿಲ್ಲ. ಹತ್ತಿರದ ವಿಟ್‌ಬಿ ಬಂದರಿನಲ್ಲಿ ಕಲ್ಲಿದ್ದಲು ಸಾಗಿಸೋ ಹಡಗುಗಳ ಮಾಲೀಕರೊಬ್ಬರ ಹತ್ತಿರ ಕೆಲಸ ಕಲಿಯೋಕೆ ಸೇರಿದ. ಹಗಲು ಹಡಗಿನ ಕೆಲಸ, ಬಿಡುವಿದ್ದಾಗ ಬೀಜಗಣಿತ, ತ್ರಿಕೋನಮಿತಿ, ನಕ್ಷತ್ರ ನೋಡಿ ದಾರಿ ಹಿಡಿಯೋ ಲೆಕ್ಕ. ಯಾರೂ ಪರೀಕ್ಷೆ ಇಡ್ತೀನಿ ಅಂತ ಹೆದರಿಸದೇ ಇದ್ದಾಗ ಒಬ್ಬ ಮನುಷ್ಯ ತಾನಾಗಿ ಟ್ರಿಗನಾಮೆಟ್ರಿ ಓದಿದ ಅನ್ನೋದೇ ನನಗೆ ದೊಡ್ಡ ಆಶ್ಚರ್ಯ.

1755ರಲ್ಲಿ ಮಾಲೀಕ ಅವನಿಗೆ ಒಂದು ಹಡಗಿನ ನಾಯಕತ್ವವನ್ನೇ ಕೊಡೋಕೆ ಬಂದ. ಕುಕ್ ಬೇಡ ಅಂದು, ರಾಜನ ನೌಕಾಪಡೆಗೆ ಮಾಮೂಲಿ ನಾವಿಕನಾಗಿ ಸೇರಿದ. ಅವನ ಆಗಿನ ಸ್ಥಿತಿಗೆ ಇದು ಹುಚ್ಚುತನ. ಆದರೆ ಎರಡು ವರ್ಷದಲ್ಲಿ ಮಾಸ್ಟರ್ ಪರೀಕ್ಷೆ ಪಾಸಾಗಿ ಪೆಂಬ್ರೋಕ್ ಹಡಗಿಗೆ ಬಂದ. 1758ರಲ್ಲಿ ಆ ಹಡಗು ಅಟ್ಲಾಂಟಿಕ್ ದಾಟಿ ಕೆನಡಾ ಕಡೆ ಹೋಗುವಾಗ ಇಪ್ಪತ್ತಕ್ಕೂ ಹೆಚ್ಚು ಮಂದಿ ಸ್ಕರ್ವಿಯಿಂದ ಸತ್ತರು. ತಾಜಾ ಹಣ್ಣು ತರಕಾರಿ ಇಲ್ಲದೆ ತಿಂಗಳುಗಟ್ಟಲೆ ಉಪ್ಪು ಮಾಂಸ ತಿಂದರೆ ಬರೋ ಕಾಯಿಲೆ ಇದು. ವಸಡು ಊದಿಕೊಳ್ಳುತ್ತೆ, ಹಲ್ಲು ಉದುರುತ್ತೆ, ಹಳೇ ಗಾಯ ಮತ್ತೆ ಬಾಯಿ ಬಿಡುತ್ತೆ. ಕುಕ್ ಇದನ್ನು ಹತ್ತಿರದಿಂದ ನೋಡಿದ. ಮುಂದೆ ಸೇಂಟ್ ಲಾರೆನ್ಸ್ ನದಿ, ನ್ಯೂಫೌಂಡ್‌ಲ್ಯಾಂಡ್ ತೀರಗಳ ನಕ್ಷೆ ಮಾಡಿ ಹೆಸರು ಗಳಿಸಿದ. ಆ ಹೆಸರೇ 1768ರಲ್ಲಿ ಅವನಿಗೆ ಎಂಡೆವರ್ ಕೊಡಿಸಿತು. ಅದೂ ವಿಟ್‌ಬಿಯಲ್ಲೇ ಕಟ್ಟಿದ ಹಳೇ ಕಲ್ಲಿದ್ದಲು ಹಡಗು. ಕೆಲಸ ಏನಪ್ಪಾ ಅಂದ್ರೆ ಟಹೀಟಿ ದ್ವೀಪಕ್ಕೆ ಹೋಗಿ, 1769ರ ಜೂನ್ 3ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗೋದನ್ನ ಅಳೆಯಬೇಕು.

ಹಡಗಲ್ಲಿ 94 ಜನ. ಅಷ್ಟು ಜನಕ್ಕೆ ಬೇಕಾದ ನೀರು ಮರದ ಪೀಪಾಯಿಗಳಲ್ಲಿ. ಕೆಲವು ವಾರ ಕಳೆದರೆ ಆ ನೀರು ಹಸಿರಾಗಿ, ಲೋಳೆ ಕಟ್ಟಿ, ನಾತ ಹೊಡೆಯೋದು. ಹಾಗಾಗಿ ನಾವಿಕರು ಮೊದಲು ಬಿಯರ್ ಖಾಲಿ ಮಾಡಿ, ಆಮೇಲೆ ನೀರಿಗೆ ರಮ್ ಬೆರೆಸಿ ಕುಡಿಯುತ್ತಿದ್ದರು.

ಸ್ಕರ್ವಿಗೆ ಮದ್ದು ಅಂತ ಕುಕ್ ಹುಳಿ ಬರಿಸಿದ ಎಲೆಕೋಸನ್ನು ಸಾವಿರಾರು ಪೌಂಡ್ ಹೊತ್ತುಕೊಂಡು ಹೋಗಿದ್ದ. ನಾವಿಕರು ಅದನ್ನು ಮೂಸಿ ನೋಡಿ ಮುಖ ತಿರುಗಿಸಿದರು. ಅವನು ಬಲವಂತ ಮಾಡಲಿಲ್ಲ. ದಿನಾ ಅಧಿಕಾರಿಗಳ ಊಟದ ಮೇಜಿಗೆ ಮಾತ್ರ ಹಾಕಿಸಿ, ಉಳಿದವರಿಗೆ ಬೇಕಾದ್ರೆ ತಗೊಳ್ಳಿ, ಬೇಡ ಅಂದ್ರೆ ಬಿಡಿ ಅಂತ ಬಿಟ್ಟ. ವಾರದೊಳಗೆ ಎಲ್ಲರಿಗೂ ಅದೇ ಬೇಕಾಯ್ತು, ಕೊನೆಗೆ ಅಳತೆ ಮಾಡಿ ಕೊಡಬೇಕಾಯ್ತು. ಯಾವಾಗಲೂ ಇಷ್ಟು ಮೃದುವಾಗಿ ಇರ್ತಿದ್ದ ಅಂದುಕೊಳ್ಳಬೇಡಿ. ಇದೇ ಯಾನದಲ್ಲಿ ತಾಜಾ ಮಾಂಸ ತಿನ್ನಲ್ಲ ಅಂದ ಇಬ್ಬರಿಗೆ ಚಾಟಿ ಏಟು ಹಾಕಿಸಿದ್ದಾನೆ.

ಟಹೀಟಿಯಲ್ಲಿ ಮೂರು ತಿಂಗಳು ಚೆನ್ನಾಗೇ ಹೋಯಿತು. ಬೆಟ್ಟದಿಂದ ಇಳಿಯೋ ತೊರೆ, ತೆಂಗು, ಹಲಸಿನ ಜಾತಿಯ ಬ್ರೆಡ್‌ಫ್ರೂಟ್. ಅಲ್ಲಿಂದ ಹೊರಡುವಾಗ ಟುಪಾಯ ಅನ್ನೋ ಪುರೋಹಿತ ಹಡಗು ಹತ್ತಿದ. ಉಪಕರಣ ಒಂದೂ ಇಲ್ಲದೆ ನಕ್ಷತ್ರ, ಅಲೆ ನೋಡಿ ಸಾವಿರಾರು ಕಿಲೋಮೀಟರ್ ಸಮುದ್ರ ಬಲ್ಲವನು. ಸುತ್ತಲಿನ ಹತ್ತಾರು ದ್ವೀಪಗಳ ನಕ್ಷೆಯನ್ನು ನೆನಪಿನಿಂದಲೇ ಮಾಡಿಕೊಟ್ಟ. ನ್ಯೂಜಿಲೆಂಡ್‌ನಲ್ಲಿ ಮಾವೊರಿಗಳ ಜೊತೆ ಮಾತಾಡೋಕೆ ಸಾಧ್ಯವಾಗಿದ್ದು ಅವನಿಂದಲೇ. ಆದರೂ ಅಲ್ಲಿ ಗುಂಡು ಹಾರಿತು, ಮಾವೊರಿಗಳು ಸತ್ತರು.

1770ರ ಜೂನ್ 11ರ ರಾತ್ರಿ ಆಸ್ಟ್ರೇಲಿಯಾದ ಹವಳ ದಿಬ್ಬಕ್ಕೆ ಹಡಗು ಬಡಿಯಿತು. ಫಿರಂಗಿಗಳನ್ನೂ ಸೇರಿಸಿ ಟನ್‌ಗಟ್ಟಲೆ ಸಾಮಾನು ಸಮುದ್ರಕ್ಕೆ ಎಸೆದರು. ನಾರು, ಉಣ್ಣೆ ಮೆತ್ತಿದ ಹಾಯಿ ಬಟ್ಟೆಯನ್ನು ಹಡಗಿನ ಹೊಟ್ಟೆಯ ಕೆಳಗೆ ಎಳೆದು ತೂತು ಮುಚ್ಚಿದರು. ಒಡೆದ ಹವಳದ ತುಂಡೊಂದು ತೂತಿನಲ್ಲೇ ಸಿಕ್ಕಿಕೊಂಡು ಬಿರಡೆಯ ಹಾಗೆ ನಿಂತಿತ್ತು, ಇಲ್ಲದಿದ್ರೆ ಕಥೆ ಅಲ್ಲೇ ಮುಗೀತಿತ್ತು. ದಡಕ್ಕೆ ಎಳೆದು ಹೇಗೋ ರಿಪೇರಿ ಮಾಡಿಕೊಂಡರು. ಆದರೆ ಹಿಂಗೇ ಇಂಗ್ಲೆಂಡ್ ತಲುಪೋಕಾಗಲ್ಲ, ಸರಿಯಾದ ಹಡಗುಕಟ್ಟೆ ಬೇಕೇ ಬೇಕು. ಹತ್ತಿರ ಇದ್ದಿದ್ದು ಜಾವಾ ದ್ವೀಪದ ಬಟಾವಿಯಾ, ಈಗಿನ ಜಕಾರ್ತಾ.

ಬಟಾವಿಯಾ ಡಚ್ಚರು ಕಟ್ಟಿದ ಊರು. ತಮ್ಮ ಆಮ್‌ಸ್ಟರ್‌ಡ್ಯಾಮ್ ನೆನಪಿನಲ್ಲಿ ಬೀದಿಗೊಂದು ಕಾಲುವೆ ತೋಡಿದ್ದರು. ಹಾಲೆಂಡಿನ ಚಳಿಗೆ ಸರಿಹೋದ ಡಿಸೈನ್ ಸಮಭಾಜಕದ ಬಿಸಿಲಿಗೆ ಹೊಂದಲಿಲ್ಲ. ಹೂಳು ತುಂಬಿ ಹರಿವು ನಿಂತಿತು. ಕಸ, ಮಲ, ಸತ್ತ ಪ್ರಾಣಿ ಎಲ್ಲಾ ಅದರಲ್ಲೇ. ಜೊತೆಗೆ ಸೊಳ್ಳೆ. ಅಲ್ಲಿಗೆ ಬಂದ ಯುರೋಪಿಯನ್ನರು ಮಲೇರಿಯಾ, ರಕ್ತಭೇದಿಯಲ್ಲಿ ಸಾಲು ಸಾಲಾಗಿ ಸಾಯುತ್ತಿದ್ದರು. ಬಂದರು ತಲುಪಿದಾಗ ಕುಕ್‌ಗೆ ಹೆಮ್ಮೆ ಪಡೋಕೆ ಕಾರಣ ಇತ್ತು. ಎರಡು ವರ್ಷ ಸಮುದ್ರದಲ್ಲಿದ್ದರೂ ಸ್ಕರ್ವಿಗೆ ಒಬ್ಬನೂ ಬಲಿಯಾಗಿರಲಿಲ್ಲ. ಹಡಗನ್ನು ಓರೆ ಮಾಡಿ ತಳ ನೋಡಿದರೆ ಹುಳು ತಿಂದು ಕೆಲವು ಹಲಗೆ ಇಂಚಿನ ಎಂಟನೇ ಒಂದು ಭಾಗ ಮಾತ್ರ ದಪ್ಪ ಉಳಿದಿತ್ತು. ಡಚ್ ಕೆಲಸಗಾರರು ಅದನ್ನು ಚೆನ್ನಾಗಿ ಸರಿಮಾಡಿದರು. ಅಷ್ಟರಲ್ಲಿ ಒಳಗಿದ್ದವರು ಹಾಸಿಗೆ ಹಿಡಿದಿದ್ದರು. ಮೊದಲು ಸತ್ತವನು ಹಡಗಿನ ಡಾಕ್ಟರ್. ಆಮೇಲೆ ಟುಪಾಯನ ಜೊತೆ ಬಂದಿದ್ದ ಹುಡುಗ, ಅವನ ಹಿಂದೆ ಟುಪಾಯ. ಬಟಾವಿಯಾದಲ್ಲೇ 7 ಸಾವು. ಕುಕ್ ಕೂಡ ಮಲಗಿದ.

ಕಾಯಿಲೆ ಮುಟ್ಟದೇ ಉಳಿದವನು ಒಬ್ಬನೇ, ಹಾಯಿ ಹೊಲಿಯೋ ಮುದುಕ. ವಯಸ್ಸು ಎಪ್ಪತ್ತು ದಾಟಿತ್ತು, ದಿನಾ ಕುಡಿದೇ ಇರ್ತಿದ್ದ ಅಂತ ಕುಕ್ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಹಾಸ್ಟೆಲ್‌ನಲ್ಲಿ ಇದನ್ನ ಸಾಕ್ಷಿ ಮಾಡ್ಕೊಳ್ಳೋರು ಸ್ವಲ್ಪ ತಡೀರಿ. ಮುಂದಿನ ತಿಂಗಳು ದಾರಿಯಲ್ಲಿ ಆ ಮುದುಕನೂ ಸತ್ತ.

ಡಿಸೆಂಬರ್ 26ಕ್ಕೆ ನಲವತ್ತು ರೋಗಿಗಳನ್ನು ಹೊತ್ತುಕೊಂಡೇ ಹೊರಟರು. ಮುಂದೆ ಆಫ್ರಿಕಾದ ಕೇಪ್‌ವರೆಗೂ ಬರೀ ಸಮುದ್ರ. ಹಾಗಾಗಿ ಜಾವಾದ ಪಶ್ಚಿಮ ತುದಿಯ ಪನೈತಾನ್ ದ್ವೀಪದಲ್ಲಿ ಪೀಪಾಯಿ ತುಂಬಿಸಿಕೊಂಡರು. ಇಂಗ್ಲಿಷರು ಅದನ್ನು ಪ್ರಿನ್ಸಸ್ ಐಲ್ಯಾಂಡ್ ಅಂತ ಕರೀತಿದ್ರು, ಈಗ ಸರ್ಫಿಂಗ್ ಮಾಡೋರು ಹೋಗೋ ಜಾಗ. ಕಾಡು, ಬೀಚ್, ಊರಿನ ಕೊಳಕು ಇಲ್ಲ. ಅಲ್ಲಿಂದ ಹೊರಟ ಮೇಲೆ ರಕ್ತಭೇದಿ ಇನ್ನೂ ಜೋರಾಯಿತು. ಶುಕ್ರನನ್ನು ಅಳೆದ ಖಗೋಳಜ್ಞ, ಸಾವಿರಕ್ಕೆ ಹತ್ತಿರ ಗಿಡ ಪ್ರಾಣಿಗಳ ಚಿತ್ರ ಬರೆದ 25ರ ಹರೆಯದ ಸಿಡ್ನಿ ಪಾರ್ಕಿನ್ಸನ್, ಹಡಗಿನ ಬಡಗಿ, ಹವಳಕ್ಕೆ ಬಡಿದ ದಿನ ತೂತು ಮುಚ್ಚೋ ಉಪಾಯ ನಡೆಸಿದ ಹುಡುಗ, ಹೀಗೆ ಕೇಪ್ ತಲುಪೋ ಹೊತ್ತಿಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಹೆಣಗಳು ಸಮುದ್ರಕ್ಕೆ ಹೋದವು.

ಕುಕ್‌ಗೆ ಆ ನೀರಿನ ಮೇಲೆ ಅನುಮಾನ ಬಂತು. ಪೀಪಾಯಿಗಳಿಗೆ ಸುಣ್ಣ ಹಾಕಿಸಿದ, ಒಳಗಿನ ಅಟ್ಟಗಳನ್ನು ವಿನೆಗರ್‌ನಿಂದ ತೊಳೆಸಿದ. ವಿನೆಗರ್ ಕೆಟ್ಟ ಗಾಳಿಗೆ, ಯಾಕಂದ್ರೆ ಆಗ ಕಾಯಿಲೆ ಬರೋದು ಕೆಟ್ಟ ಗಾಳಿಯಿಂದ ಅಂತ ಎಲ್ಲರ ನಂಬಿಕೆ. ಆದರೆ ಸುಣ್ಣ ಮಾತ್ರ ಸರಿಯಾದ ದಿಕ್ಕು. ಸಾಕಷ್ಟು ಸುಣ್ಣ ಬಿದ್ದರೆ ನೀರಿನ ಪಿಎಚ್ 11 ದಾಟುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ. ಎಷ್ಟು ಹಾಕಬೇಕು ಅಂತ ಅವನಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ. ಕಣ್ಣು, ಮೂಗು, ನಾಲಿಗೆ, ಅವನ ಲ್ಯಾಬ್ ಅಷ್ಟೇ. ಫಸ್ಟ್ ಇಯರ್‌ನಲ್ಲಿ ನಾವು ಇಡಿಟಿಎ ಟೈಟ್ರೇಷನ್ ಮಾಡಿ ನೀರಿನ ಗಡಸುತನ ಬರೆದುಕೊಡ್ತೀವಲ್ಲ, ಅದರಿಂದಲೂ ಆ ನೀರು ಕುಡಿಯಬಹುದಾ ಅನ್ನೋದು ಗೊತ್ತಾಗಲ್ಲ.

ಕುದಿಸಬಹುದಿತ್ತಲ್ಲ ಅಂತ ನನಗೆ ಅನಿಸಿ ಒಂದು ಒರಟು ಲೆಕ್ಕ ಹಾಕಿದೆ. 94 ಜನಕ್ಕೆ ತಲಾ 4 ಲೀಟರ್, ಅಂದರೆ ದಿನಕ್ಕೆ 376 ಲೀಟರ್. 27 ಡಿಗ್ರಿಯಿಂದ 100ಕ್ಕೆ ಏರಿಸೋಕೆ ಸುಮಾರು 115 ಮೆಗಾಜೂಲ್. ಸೌದೆ ಕಿಲೋಗೆ 15 ಮೆಗಾಜೂಲ್, ಒಲೆಯ ದಕ್ಷತೆ ಶೇಕಡ 15 ಅಂತ ಹಿಡಿದರೆ ದಿನಕ್ಕೆ 50 ಕಿಲೋ ಸೌದೆ. ಕೇಪ್‌ವರೆಗಿನ ಎರಡು ತಿಂಗಳಿಗೆ 3 ಟನ್. ಅಷ್ಟು ಸೌದೆ ಆ ಕಲ್ಲಿದ್ದಲು ಹಡಗಿಗೆ ಹೊರೆಯೇ ಅಲ್ಲ, ಪಕ್ಕದ ದ್ವೀಪದ ತುಂಬಾ ಕಾಡೇ ಇತ್ತು. ಎಲ್ಲರೂ ಉಳೀತಿದ್ರು ಅಂತಲ್ಲ. ಕೆಲವರು ಬಟಾವಿಯಾದಲ್ಲೇ ಕಾಯಿಲೆ ಹಚ್ಚಿಕೊಂಡಿದ್ದರು, ರಕ್ತಭೇದಿ ಕೈಯಿಂದ ಕೈಗೂ ಹರಡುತ್ತೆ. ಆದರೂ ಆ 3 ಟನ್ ನನ್ನ ತಲೆಯಿಂದ ಹೋಗ್ತಿಲ್ಲ. ಕೆಟ್ಟ ನೀರೇ ಕಾಲರಾ ತರುತ್ತೆ ಅಂತ ಲಂಡನ್ನಿನ ಬೋರ್‌ಪಂಪ್ ಒಂದರ ಸುತ್ತ ಜಾನ್ ಸ್ನೋ ತೋರಿಸಿದ್ದು 1854ರಲ್ಲಿ. ಅಂದಹಾಗೆ ಸ್ನೋ ಕೂಡ ಯಾರ್ಕ್‌ಶೈರ್‌ನ ಕೂಲಿಯೊಬ್ಬರ ಮಗ.

1772ರಲ್ಲಿ ರೆಸಲ್ಯೂಷನ್ ಹಡಗಿನಲ್ಲಿ ಎರಡನೇ ಯಾನ. ಈ ಸಲ ಕುಕ್ ನೀರಿನ ವಿಷಯದಲ್ಲಿ ಬೇರೆ ಮನುಷ್ಯ. ಸಮುದ್ರದ ನೀರನ್ನು ಬಟ್ಟಿ ಇಳಿಸೋ ಯಂತ್ರ ಜೊತೆಗಿತ್ತು, ಆದರೆ ಅದನ್ನೇ ನಂಬಿ ಕೂರಬಾರದು ಅನ್ನೋದು ಅವನ ತೀರ್ಮಾನ. ನೀರಿಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿದರೆ ಸ್ಕರ್ವಿ ಹೋಗಬಹುದು ಅಂತ ಜೋಸೆಫ್ ಪ್ರೀಸ್ಟ್ಲಿ ಅದೇ ವರ್ಷ ಒಂದು ವಿಧಾನ ಪ್ರಕಟಿಸಿದ್ದ. ಅದು ಸ್ಕರ್ವಿಗೆ ಉಪಯೋಗವಿಲ್ಲ, ನಮ್ಮ ಗೋಲಿ ಸೋಡಾದ ಮುತ್ತಾತ ಮಾತ್ರ ಹೌದು. 1773ರ ಜನವರಿಯಲ್ಲಿ ಅಂಟಾರ್ಕ್ಟಿಕ್ ಕಡೆ ಹೋದಾಗ ತೇಲೋ ಹಿಮದ ತುಂಡುಗಳನ್ನು ದೋಣಿಗೆ ಎಳೆದು ಕರಗಿಸಿದರು. ಉಪ್ಪು ಸಮುದ್ರದ ನಡುವೆ ಟನ್‌ಗಟ್ಟಲೆ ಸಿಹಿ ನೀರು. ಮೂರು ವರ್ಷದಲ್ಲಿ ಆ ಹಡಗು ಕಳೆದುಕೊಂಡದ್ದು ನಾಲ್ಕೇ ಜನರನ್ನು, ಅದರಲ್ಲೂ ಮೂವರು ಅಪಘಾತದಲ್ಲಿ. 1774ರಲ್ಲಿ ಕುಕ್‌ಗೇ ಹೊಟ್ಟೆ ಬೇನೆ ಬಂದು ಸಾಯೋ ಹಾಗಾಗಿದ್ದ. ಜೊತೆಗಿದ್ದ ವಿಜ್ಞಾನಿಯ ಮುದ್ದಿನ ನಾಯಿಯನ್ನು ಕೊಂದು ಅದರ ಸೂಪ್ ಕುಡಿಸಿದರಂತೆ. ಹುಷಾರಾದ.

1776ರಲ್ಲಿ ರಾಯಲ್ ಸೊಸೈಟಿಗೆ ನಾವಿಕರ ಆರೋಗ್ಯದ ಬಗ್ಗೆ ಪ್ರಬಂಧ ಕೊಟ್ಟ. ಬೇಕಿಲ್ಲದಿದ್ದರೂ ದಡ ಸಿಕ್ಕಾಗಲೆಲ್ಲ ಹೊಸ ನೀರು ತುಂಬಿಸಬೇಕು, ಹಳೇ ಪೀಪಾಯಿ ನೀರಿಗಿಂತ ದಡದ ನೀರು ಒಳ್ಳೇದು ಅನ್ನೋದು ಅದರಲ್ಲಿನ ಒಂದು ನಿಯಮ. ಟಹೀಟಿಗೆ ಸರಿಹೋಗೋ ನಿಯಮ. ಪನೈತಾನ್ ನೋಡಿ ಬಂದವನು ಇದನ್ನು ಹೇಗೆ ಬರೆದ ಅಂತ ಆಶ್ಚರ್ಯ ಆಗುತ್ತೆ, ಆದರೆ ಬೇರೆ ಏನು ಬರೀಬಹುದಿತ್ತು? ಒಳ್ಳೇ ದಡ ಯಾವುದು, ಕೆಟ್ಟ ದಡ ಯಾವುದು ಅಂತ ಮೊದಲೇ ತಿಳಿಯೋ ಸಾಧನ ಇರಲಿಲ್ಲ. ಆ ಪ್ರಬಂಧಕ್ಕೆ ಕಾಪ್ಲಿ ಪದಕ ಬಂತು. ಪದಕ ಕೊಡುವಾಗ ಅವನು ಮೂರನೇ ಯಾನದಲ್ಲಿದ್ದ.

1778ರಲ್ಲಿ ಹವಾಯಿ ತಲುಪಿದಾಗ ತನ್ನವರಲ್ಲಿದ್ದ ಲೈಂಗಿಕ ರೋಗ ದ್ವೀಪದವರಿಗೆ ಹರಡಬಾರದು ಅಂತ ಕಟ್ಟಪ್ಪಣೆ ಮಾಡಿದ. ಯಾರೂ ಕೇಳಲಿಲ್ಲ, ರೋಗ ಹರಡಿತು. ಮುಂದಿನ ನೂರು ವರ್ಷ ಹೊರಗಿನಿಂದ ಬಂದ ಕಾಯಿಲೆಗಳು ಹವಾಯಿ ಜನರನ್ನು ಗುಂಪು ಗುಂಪಾಗಿ ಕೊಂದವು. ದ್ವೀಪದ ನೀರು ಹಡಗಿಗೆ ಸುರಕ್ಷಿತವಾ ಅಂತ ನಾವು ಕೇಳ್ತಾ ಬಂದಿದ್ದೀವಿ. ಆ ಹಡಗು ದ್ವೀಪಕ್ಕೆ ಸುರಕ್ಷಿತವಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಇವತ್ತು ಹವಾಯಿಯ ನಲ್ಲಿ ನೀರು ಸಾಮಾನ್ಯವಾಗಿ ಧೈರ್ಯವಾಗಿ ಕುಡಿಯಬಹುದಾದ ನೀರು. ಮಳೆ ಜ್ವಾಲಾಮುಖಿ ಕಲ್ಲಿನೊಳಗೆ ಸೋಸಿಕೊಂಡು ಇಳಿಯುತ್ತೆ. ಅಲ್ಲೂ 2021ರ ನವೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಹತ್ತಿರದ ಮನೆಗಳ ನಲ್ಲಿಯಲ್ಲಿ ಇಂಧನದ ವಾಸನೆ ಬಂತು. ಕಾರಣ, ಅಮೆರಿಕದ ನೌಕಾಪಡೆಯ ರೆಡ್ ಹಿಲ್ ಟ್ಯಾಂಕ್‌ಗಳಿಂದಾದ ಸೋರಿಕೆ.

1779ರ ಫೆಬ್ರವರಿ 14. ಕೆಯಾಲಕೆಕುವ ಕೊಲ್ಲಿಯಲ್ಲಿ ಕಳುವಾದ ದೋಣಿಯೊಂದಕ್ಕಾಗಿ ಕುಕ್ ಅಲ್ಲಿನ ರಾಜನನ್ನೇ ಒತ್ತೆ ಇಟ್ಟುಕೊಳ್ಳೋಕೆ ಹೋದ. ದಡದಲ್ಲಿ ಜನ ಸೇರಿದರು, ಗುಂಡು ಹಾರಿತು, ಕುಕ್ ಮತ್ತು ಅವನ ನಾಲ್ವರು ಸೈನಿಕರು ಅಲ್ಲೇ ಸತ್ತರು. ಅವನಿಗೆ 50 ವರ್ಷ. ಇಂಗ್ಲೆಂಡಿನಲ್ಲಿ ಹೆಂಡತಿ ಎಲಿಜಬೆತ್‌ಗೆ ಸುದ್ದಿ ತಲುಪಿದ್ದು ಸುಮಾರು ಒಂದು ವರ್ಷದ ನಂತರ. ಆಕೆ ತನ್ನ ಆರೂ ಮಕ್ಕಳನ್ನು ಕಳೆದುಕೊಂಡು, 1835ರವರೆಗೆ ಬದುಕಿದರು.

ನಾಯಕ ಸತ್ತರೂ ಹಡಗುಗಳು ಕೂಡಲೇ ಹೊರಡೋ ಹಾಗಿರಲಿಲ್ಲ, ಪೀಪಾಯಿ ಇನ್ನೂ ತುಂಬಿರಲಿಲ್ಲ. ನೀರು ತರೋಕೆ ಇಳಿದವರ ಮೇಲೆ ಹವಾಯಿಯವರು ಕಲ್ಲು ಎಸೆದರು. ನಾವಿಕರು ನೀರಿನ ಪಕ್ಕದ ಹಳ್ಳಿಗೆ ಬೆಂಕಿ ಇಟ್ಟು, ಕೆಲವರನ್ನು ಕೊಂದು, ಪೀಪಾಯಿ ತುಂಬಿಸಿದರು. ಫೆಬ್ರವರಿ 21ರಂದು, ದ್ವೀಪದವರು ಹಿಂದಿರುಗಿಸಿದ ಕುಕ್‌ನ ಒಂದಷ್ಟು ಮೂಳೆಗಳನ್ನು ಕೊಲ್ಲಿಯ ನೀರಿಗೆ ಬಿಟ್ಟು, ಮರುದಿನ ಹಾಯಿ ಎತ್ತಿದರು.