ನೆಲ ಬಿಡದ ಗಾಲಿ

ನಮ್ಮೂರು ಭೇರ್ಯ ಮೈಸೂರಿನಿಂದ ಕೃಷ್ಣರಾಜನಗರದ ಮೇಲೆ ಹಾಸನಕ್ಕೆ ಹೋಗುವ ಹಾದಿಯಲ್ಲಿದೆ. ವಾರದ ದಿನಗಳಲ್ಲಿ ನಾನೊಬ್ಬನೇ ನನ್ನ ಪುಟ್ಟ ಕಾರಿನಲ್ಲಿ ಕಾಲೇಜಿಗೆ ಹೋಗಿಬರುತ್ತೇನೆ. ಭಾನುವಾರ ಬಂತೆಂದರೆ ಅದೇ ಕಾರು ತಂದೆಯವರನ್ನೂ ಮಡದಿಯನ್ನೂ ಮಗನನ್ನೂ ಹಿಂಬದಿಯಲ್ಲಿ ಒಂದು ಮೂಟೆ ಅಕ್ಕಿಯನ್ನೂ ಹೊರಬೇಕು. ಕಳೆದ ವರ್ಷ, ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಕಾರು ತಿರುವುಗಳಲ್ಲಿ ಅತಿಯಾಗಿ ವಾಲುತ್ತದೆಂದು ತೋರಿತು. ಆತನ ಒತ್ತಾಯಕ್ಕೆ ಮಣಿದು ಮೊದಲಿನ ಸ್ಪ್ರಿಂಗುಗಳನ್ನು ತೆಗೆಸಿ, ಗಿಡ್ಡವೂ ಗಡುಸೂ ಆದ ಹೊಸವನ್ನು ಹಾಕಿಸಿದೆ. ಕಾರು ವಾಲುವುದೇನೋ ನಿಂತಿತು. ಆದರೆ ಬೆನ್ನುನೋವಿನ ತಂದೆಯವರನ್ನು ಮೈಸೂರಿನ ವೈದ್ಯರಲ್ಲಿಗೆ ಕರೆದೊಯ್ದ ದಿನ, ಅವರು ಕೃಷ್ಣರಾಜನಗರದಲ್ಲಿ ಕಾರು ನಿಲ್ಲಿಸಲು ಹೇಳಿ, ಮಿಕ್ಕ ದಾರಿಯನ್ನು ರೈಲಿನಲ್ಲಿ ಬರುವುದಾಗಿ ತಿಳಿಸಿ, ಮೆಲ್ಲನೆ ಇಳಿದು ನಿಂತರು. ಅದೇ ಸಂಜೆ ಹಿಂದಿರುಗುವಾಗ ಒಂದು ತಿರುವಿನ ಹಳ್ಳದಲ್ಲಿ ಹಿಂದಿನ ಗಾಲಿ ನೆಲಬಿಟ್ಟು, ಕಾರು ಒಂದು ಮೊಳ ಪಕ್ಕಕ್ಕೆ ಜಿಗಿಯಿತು. ಗಡುಸಾದುದೆಲ್ಲ ಗಟ್ಟಿಯಾದುದಲ್ಲವೆಂಬ ಸಂಶಯ ನನಗೆ ಅಂದೇ ಹುಟ್ಟಿತು.

ಈ ಸಂಶಯವನ್ನು ಹೊತ್ತು ನಾನು ಓದಿದ್ದು ಅಲೆಕ್ ಇಸಿಗೋನಿಸ್ ಎಂಬ ಯಂತ್ರಶಿಲ್ಪಿಯ ಬದುಕನ್ನು. ಕನ್ನಡ ಪಾಠ ಹೇಳುವವನಿಗೆ ಮೋಟಾರು ಶಿಲ್ಪಿಯ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಸಾಮಾನ್ಯನ ಸಣ್ಣ ಕಾರು ದೊಡ್ಡವರ ಕಾರಿನಷ್ಟೇ ಭದ್ರವಾಗಿ ನೆಲ ಹಿಡಿದು ಓಡಬೇಕೆಂಬ ಒಂದೇ ಹಂಬಲದಲ್ಲಿ ಸವೆದ ಬದುಕು ಅದು; ಸಾಹಿತ್ಯದ ವಿದ್ಯಾರ್ಥಿಗೆ ಅದು ಹೊರಗಿನದಾಗಿ ನನಗೆ ಕಾಣಲಿಲ್ಲ.

ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಇಂದು ತುರ್ಕಿ ದೇಶದ ಇಜ್ಮಿರ್ ಎನಿಸಿರುವ ಸ್ಮಿರ್ನಾ ಎಂಬ ಬಂದರು ಪಟ್ಟಣದಲ್ಲಿ. ತಂದೆ ಗ್ರೀಕ್ ಮೂಲದವರು, ಬ್ರಿಟಿಷ್ ಪ್ರಜೆ. ಹಡಗುಗಳಿಗೆ ಸಂಬಂಧಿಸಿದ ಯಂತ್ರಗಳ ಕಾರ್ಖಾನೆಯ ಒಡೆಯರು. ತಾಯಿ ಜರ್ಮನ್ ಮೂಲದಾಕೆ. 1922ರ ಯುದ್ಧದಲ್ಲಿ ಸ್ಮಿರ್ನಾ ಹೊತ್ತಿ ಉರಿಯಿತು. ಮನೆ, ಕಾರ್ಖಾನೆ, ನೆರೆಹೊರೆ ಎಲ್ಲವನ್ನೂ ಬಿಟ್ಟು ಕುಟುಂಬವು ಬ್ರಿಟಿಷರ ಆಶ್ರಯದಲ್ಲಿ ಮಾಲ್ಟ ದ್ವೀಪವನ್ನು ಸೇರಿತು. ತಂದೆ ಅಲ್ಲಿಯೇ ತೀರಿಕೊಂಡರು. ಮರುವರ್ಷ ತಾಯಿ ಮತ್ತು ಮಗ ಇಂಗ್ಲೆಂಡಿಗೆ ಬಂದರು. ಕಾಲ ಕೆಳಗಿನ ನೆಲವೇ ಸರಿದುಹೋದ ಆ ಹುಡುಗ ಮುಂದೆ ಆಯುಷ್ಯವನ್ನೆಲ್ಲ ಗಾಲಿಗೂ ನೆಲಕ್ಕೂ ಇರುವ ನಂಟನ್ನು ಕುರಿತು ಚಿಂತಿಸಿದನೆಂಬುದು ನನ್ನ ಮನಸ್ಸನ್ನು ಹಿಡಿದಿಟ್ಟಿತು.

ಲಂಡನ್ನಿನ ಬ್ಯಾಟರ್ಸಿ ಪಾಲಿಟೆಕ್ನಿಕ್ಕಿನಲ್ಲಿ ಆತ ಯಂತ್ರಶಾಸ್ತ್ರವನ್ನು ಓದಿದ. ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಅನುತ್ತೀರ್ಣನಾದ. ಅಧ್ಯಾಪಕನಾದ ನನಗೆ ಇದು ಎಚ್ಚರಿಕೆಯ ಮಾತು. ಅಂಕಪಟ್ಟಿ ಅಳೆಯಲಾರದ ಬುದ್ಧಿಯೊಂದುಂಟು. ಆತನ ಬುದ್ಧಿ ಪೆನ್ಸಿಲಿನ ತುದಿಯಲ್ಲಿತ್ತು. ಸಿಕ್ಕ ಕಾಗದದ ಮೇಲೆ ಅಚ್ಚು, ಗಾಲಿ, ತೋಳುಗಳನ್ನು ಬರಿಗೈಯಲ್ಲಿ ಚಿತ್ರಿಸಿ, ಅವು ಹೇಗೆ ಚಲಿಸುವುವೆಂಬುದನ್ನು ಕಣ್ಣಿನಲ್ಲಿಯೇ ಕಾಣಬಲ್ಲವನಾಗಿದ್ದ.

ಆ ಕಾಲದ ಸಣ್ಣ ಕಾರುಗಳು ನಮ್ಮ ಜಟಕಾಗಳ ಹತ್ತಿರದ ನಂಟರು. ಎರಡು ಗಾಲಿಗಳಿಗೆ ಒಂದೇ ಗಡುಸು ಅಚ್ಚು, ಅದರ ಮೇಲೆ ಕಮಾನು ಪಟ್ಟಿಗಳು. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಯೂ ಓರೆಯಾಗುವುದು. ಗಾಲಿಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯಬೇಕೆಂಬುದು ಇಸಿಗೋನಿಸನ ಬಯಕೆ. 1934ರಲ್ಲಿ ಹಂಬರ್ ಕಂಪನಿಯಲ್ಲಿಯೂ 1936ರಿಂದ ಮಾರಿಸ್ ಕಂಪನಿಯಲ್ಲಿಯೂ ಆತ ಈ ಕೆಲಸವನ್ನೇ ಹಿಡಿದ. ಬಿಡುವಿನಲ್ಲಿ ಗೆಳೆಯ ಜಾರ್ಜ್ ಡೌಸನ್ನನೊಡನೆ ಕೈಯಿಂದಲೇ ಒಂದು ಹಗುರವಾದ ಪಂದ್ಯದ ಕಾರನ್ನು ಕಟ್ಟತೊಡಗಿ, ವರ್ಷಗಟ್ಟಲೆ ದುಡಿದು ಮುಗಿಸಿದ. ಅದಕ್ಕೆ ಉಕ್ಕಿನ ಸ್ಪ್ರಿಂಗುಗಳ ಬದಲು ರಬ್ಬರನ್ನು ಅಳವಡಿಸಿದ್ದ. ಗಾಲಿ ಹಗುರವಾದಷ್ಟೂ ನೆಲದ ಉಬ್ಬುತಗ್ಗುಗಳನ್ನು ಬಿಡದೆ ಅನುಸರಿಸುತ್ತದೆ. ಅನುಸರಿಸಿದಷ್ಟೂ ತಿರುವಿನಲ್ಲಿ ಹಿಡಿತ ಉಳಿಯುತ್ತದೆ. ಈ ಸತ್ಯವನ್ನು ಆತ ಚಾಲಕನ ಪೀಠದಲ್ಲಿ ತಾನೇ ಕುಳಿತು ಕಂಡುಕೊಂಡನು.

1948ರಲ್ಲಿ ಆತನ ಮಾರಿಸ್ ಮೈನರ್ ಹೊರಬಂದಿತು. ಮುಂದಿನ ಗಾಲಿಗಳಿಗೆ ತಿರುಚಿಕೊಂಡು ಭಾರ ತಾಳುವ ಉಕ್ಕಿನ ಸರಳುಗಳು, ತೊಟ್ಟ ಮಾತನ್ನು ಕೇಳುವಂಥ ನೇರವಾದ ಸ್ಟಿಯರಿಂಗು. ತಯಾರಿಕೆಗೆ ಮೊದಲು ಮಾದರಿ ಕಾರು ಕಣ್ಣಿಗೆ ಇಕ್ಕಟ್ಟಾಗಿ ತೋರಲು, ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನೂ ದೂರ ಸರಿಸುತ್ತ ಹೋಗಿ, 4 ಅಂಗುಲದ ಅಂತರದಲ್ಲಿ ಒಪ್ಪಿದನು. ಕಣ್ಣಿಗೆ ಒಪ್ಪಿದ ಆ ಅಗಲವೇ ಕಾರಿನ ನಿಲುವಿಗೂ ನೆರವಾಯಿತು. ಅದೇ ವರ್ಷದ ಮಾರಿಸ್ ಆಕ್ಸ್‌ಫರ್ಡ್ ಈ ಕಾರಿನ ಅಣ್ಣನಂತಿದ್ದು, ಅದಕ್ಕೂ ಅಂಥವೇ ಸರಳುಗಳಿದ್ದವು. ಆ ವಂಶದ ಕುಡಿಯೊಂದು ಹಿಂದುಸ್ತಾನ್ ಮೋಟಾರ್ಸ್‌ನವರ ಕೈಯಲ್ಲಿ ಅಂಬಾಸಡರ್ ಆಗಿ, 1950ರ ದಶಕದ ಕೊನೆಯಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾಯಿತು. ಬಾಲ್ಯದಲ್ಲಿ ನಮ್ಮೂರಿನ ಮದುವೆಯ ದಿಬ್ಬಣಕ್ಕೆ ಹತ್ತು ಜನರನ್ನು ತುಂಬಿಕೊಂಡು, ಗದ್ದೆಯ ಬದುವಿನ ಹಾದಿಯಲ್ಲೂ ಮುಗ್ಗರಿಸದೆ ಬರುತ್ತಿದ್ದ ಆ ಕಾರಿನಲ್ಲಿ ಸ್ಮಿರ್ನಾದ ಹುಡುಗನ ಚಿಂತನೆಯ ಒಂದು ಪಾಲಿತ್ತೆಂದು ಆಗ ನಾವಾರೂ ಅರಿಯೆವು.

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಮಿತವಾಗಿ ಕುಡಿಯುವ, ನಾಲ್ವರು ಕೂರಬಲ್ಲ ಕಿರಿದಾದ ಕಾರೊಂದನ್ನು ರೂಪಿಸುವ ಹೊಣೆ ಇಸಿಗೋನಿಸನ ಮೇಲೆ ಬಿದ್ದಿತು. 1959ರ ಆಗಸ್ಟ್ 26ರಂದು ಮಿನಿ ಲೋಕಕ್ಕೆ ಕಾಣಿಸಿಕೊಂಡಿತು. ಉದ್ದ ಕೇವಲ 10 ಅಡಿ; ಗಾಲಿ 10 ಅಂಗುಲ; ಎಂಜಿನು ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನೇ ನಡೆಸುವುದು. ಗಾಲಿಗಳನ್ನು ನಾಲ್ಕು ಮೂಲೆಗಳಿಗೆ ತಳ್ಳಿದ್ದರಿಂದ ಒಳಗೆ ಜಾಗವೂ ಹೊರಗೆ ಸ್ಥಿರತೆಯೂ ಒಟ್ಟಿಗೆ ದೊರೆತವು.

ಇಲ್ಲಿಯೇ ನನ್ನ ಸಂಶಯಕ್ಕೆ ಪರಿಹಾರ ಸಿಕ್ಕಿತು. ಮಿನಿಯ ತೂಕ ಸುಮಾರು 600 ಕಿಲೋ. ನಾಲ್ವರು ಕುಳಿತು ಗಂಟುಮೂಟೆ ಇಟ್ಟರೆ ಇನ್ನು 300 ಕಿಲೋ ಏರುವುದು. ದೊಡ್ಡ ಕಾರಿಗೆ ಈ ಭಾರ ಲೆಕ್ಕಕ್ಕಿಲ್ಲ. ಸಣ್ಣದಕ್ಕೆ ತನ್ನ ಅರ್ಧ ತೂಕ. ತುಂಬಿದ ಕಾರಿಗೆಂದು ಸ್ಪ್ರಿಂಗನ್ನು ಗಡುಸು ಮಾಡಿದರೆ ಒಬ್ಬನೇ ಹೋಗುವಾಗ ಗಾಲಿ ಹಾರುವುದು. ಒಬ್ಬನಿಗೆಂದು ಮೆದು ಮಾಡಿದರೆ ತುಂಬಿದ ಕಾರು ಕುಸಿದು ಕೂರುವುದು. ಗೆಳೆಯ ಅಲೆಕ್ಸ್ ಮೌಲ್ಟನ್ ಇದಕ್ಕೆ ರಬ್ಬರಿನ ಶಂಕುಗಳನ್ನು ರೂಪಿಸಿಕೊಟ್ಟನು. ಒತ್ತಿದಷ್ಟೂ ಗಡುಸಾಗುವುದು ಅದರ ಗುಣ. ಕಡಿಮೆ ಭಾರಕ್ಕೆ ಮೆದು, ಹೆಚ್ಚು ಭಾರಕ್ಕೆ ಬಿರುಸು. ಪಂದ್ಯದ ಗೀಳು ಮಿನಿಯ ಉದ್ದೇಶವಾಗಿರಲಿಲ್ಲ. ಆದರೂ ಜಾನ್ ಕೂಪರ್ ಎಂಬಾತ ಅದರ ನೆಲದ ಹಿಡಿತವನ್ನು ಗುರುತಿಸಿ, ಎಂಜಿನನ್ನೂ ಬ್ರೇಕುಗಳನ್ನೂ ಬಲಪಡಿಸಿ 1961ರಲ್ಲಿ ಮಿನಿ ಕೂಪರನ್ನು ತಂದನು. 1964, 1965 ಮತ್ತು 1967ರಲ್ಲಿ ಆ ಗಿಡ್ಡ ಕಾರು ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು.

ಇಸಿಗೋನಿಸನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಕೂರುವ ಪೀಠ ಅತಿ ಸುಖವಾದರೆ ಚಾಲಕ ಎಚ್ಚರ ತಪ್ಪುವನೆಂದು ಆತ ನಂಬಿದ್ದ. ತಾನು ಕಂಡದ್ದೇ ಸರಿಯೆಂಬ ಹಟವೂ ಇತ್ತು. ಮಿನಿಯ ಸವಾರಿ ಕುಲುಕಾಟದ್ದೇ ಎಂದು ದೂರಿದವರು ಕಡಿಮೆಯೇನಲ್ಲ. 1969ರಲ್ಲಿ ಸರ್ ಪದವಿ ಬಂದಿತಾದರೂ, ಕಂಪನಿಗಳು ಒಂದುಗೂಡಿದ ಮೇಲೆ ಅಧಿಕಾರ ಕೈತಪ್ಪಿ, 1971ರಲ್ಲಿ ನಿವೃತ್ತನಾದ. ಮಿನಿಯ ಬದಲಿಗೆಂದು ರೂಪಿಸಿದ ಹೊಸ ಕಾರು ತಯಾರಿಕೆಗೆ ಬರಲೇ ಇಲ್ಲ. ಮದುವೆಯಾಗದೆ ತಾಯಿಯೊಡನೆಯೇ ಬಾಳಿದ ಆತ 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮಿನಲ್ಲಿ ತೀರಿಕೊಂಡ. ಮಿನಿ ಮಾತ್ರ 2000ದವರೆಗೆ ತಯಾರಾಗುತ್ತಲೇ ಇದ್ದು, ಐವತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಈ ಕಥೆಯನ್ನು ನಾನು ಮಗನಿಗೆ ಹೇಳಿದೆ. ಆತ ವಾದಿಸಲಿಲ್ಲ, ಮರುದಿನ ತಾನೇ ಕಾರಿನಡಿ ನುಸುಳಿ ನೋಡಿದ. ತಪ್ಪು ಸ್ಪ್ರಿಂಗಿನದಲ್ಲ. ಷಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಒಸರಿ ಅವು ಸತ್ತುಹೋಗಿದ್ದವು; ತೋಳುಗಳ ರಬ್ಬರು ಬುಷ್‌ಗಳು ಸೀಳಿದ್ದವು. ಸ್ಪ್ರಿಂಗು ಭಾರವನ್ನು ಹೊರುವುದು. ಹೊತ್ತ ಮೇಲೆ ಅದರ ಕುಣಿತವನ್ನು ನಿಲ್ಲಿಸುವುದು ಷಾಕ್ ಅಬ್ಸಾರ್ಬರಿನ ಕೆಲಸ. ಅದು ಸತ್ತರೆ ಕಾರು ವಾಲಿ ಓಲಾಡುವುದು ಸಹಜ. ನಾವು ರೋಗವೊಂದಕ್ಕೆ ಮದ್ದು ಮತ್ತೊಂದನ್ನು ಕೊಟ್ಟಿದ್ದೆವು. ಮೊದಲಿನ ಅಳತೆಯ ಸ್ಪ್ರಿಂಗುಗಳನ್ನೇ ಮರಳಿ ಕೂರಿಸಿ, ಹೊಸ ಷಾಕ್ ಅಬ್ಸಾರ್ಬರು ಮತ್ತು ಬುಷ್‌ಗಳನ್ನು ಹಾಕಿಸಿ, ಗಾಲಿಗಳ ನೇರವನ್ನು ಸರಿಪಡಿಸಿದೆವು. ಟೈರಿನ ಗಾಳಿಯನ್ನು ಬಾಗಿಲಂಚಿನ ಚೀಟಿಯಲ್ಲಿ ನಮೂದಿಸಿರುವಂತೆ, ಒಬ್ಬನಿಗೆ ಒಂದು, ತುಂಬಿದ ಕಾರಿಗೆ ಇನ್ನೊಂದು ಎಂದು ನೋಡಿ ತುಂಬಿಸತೊಡಗಿದೆವು.

ಮುಂದಿನ ತಿಂಗಳು ತಂದೆಯವರನ್ನು ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಬೇಕಾಯಿತು. ಕೃಷ್ಣರಾಜನಗರ ಬಂದಾಗ ನಾನು ಮಾತಾಡದೆ ವೇಗ ತಗ್ಗಿಸಿ, ಕನ್ನಡಿಯಲ್ಲಿ ಹಿಂದಿನ ಪೀಠವನ್ನು ನೋಡಿದೆ. ಮೊಮ್ಮಗನ ಭುಜಕ್ಕೆ ತಲೆಯಿಟ್ಟು ಅವರು ನಿದ್ರೆಹೋಗಿದ್ದರು.